ಡಬಲ್‌ಕಾರ್ಟಿನ್‌ಗೆ ಗಿನಿಪಿಗ್ ಆಂಟಿಬಾಡಿ ಎಬಿ2253: ಏನು ತೋರಿಸುತ್ತದೆ, ಎಲ್ಲಿ ಕೈಕೊಡುತ್ತದೆ

ವಯಸ್ಕ ಇಲಿಯ ಮಿದುಳಿನಲ್ಲಿ ಹೊಸ ನರಕೋಶ ಹುಡುಕಬೇಕು, ಆದರೆ ಒಂದೇ ಆಂಟಿಬಾಡಿ (ಒಂದು ಪ್ರೋಟೀನಿಗೆ ಅಂಟಿ ಅದನ್ನು ಗುರುತಿಸಿಕೊಡುವ ವಸ್ತು) ಕೊಳ್ಳುವಷ್ಟು ದುಡ್ಡಿದೆ ಎಂದಾದರೆ ಅದನ್ನು ಎಳೆಯ ನರಕೋಶಗಳಲ್ಲಿರುವ ಡಬಲ್‌ಕಾರ್ಟಿನ್ ಎಂಬ ಪ್ರೋಟೀನಿಗೇ ಹಾಕಿ. ಹಿಂದೆ ಬಹಳ ಲ್ಯಾಬುಗಳು ನೆಚ್ಚಿಕೊಂಡಿದ್ದ ಸಾಂಟಾ ಕ್ರೂಜ್ ಕಂಪನಿಯ, ಮೇಕೆಯಲ್ಲಿ ತಯಾರಾದ ಆಂಟಿಬಾಡಿ ಸಿ-18 ಈಗ ಮಾರುಕಟ್ಟೆಯಲ್ಲಿಲ್ಲ. ಆ ಜಾಗ ತುಂಬಿದವುಗಳಲ್ಲಿ ಮಿಲಿಪೋರ್‌ನ ಗಿನಿಪಿಗ್ ಪಾಲಿಕ್ಲೋನಲ್ (ಹಲವು ಬಗೆಯ ಆಂಟಿಬಾಡಿಗಳ ಮಿಶ್ರಣ) ಎಬಿ2253 ನಮ್ಮ ಮೊದಲ ಆಯ್ಕೆ.

ಇದರ ಬಲ ಕೋಶದ ಆಕಾರ ತೋರಿಸುವುದರಲ್ಲಿದೆ. ಡಬಲ್‌ಕಾರ್ಟಿನ್ ಕೋಶದೊಳಗಿನ ಸೂಕ್ಷ್ಮ ಕೊಳವೆಗಳಾದ ಮೈಕ್ರೋಟ್ಯೂಬ್ಯೂಲ್‌ಗೆ ಅಂಟುವ ಪ್ರೋಟೀನು; ಹಾಗಾಗಿ ಕೋಶಕಾಯ ಮಾತ್ರವಲ್ಲ, ಚಾಚುಗಳೂ ಬೆಳಗುತ್ತವೆ. ಹಿಪ್ಪೊಕ್ಯಾಂಪಸ್‌ನ (ನೆನಪಿಗೆ ಸಂಬಂಧಿಸಿದ ಮಿದುಳಿನ ಭಾಗ) ಡೆಂಟೇಟ್ ಗೈರಸ್ ಎಂಬ ಪಟ್ಟಿಯ ಒಳ ಅಂಚಿನಲ್ಲಿ ಸಾಲಾಗಿ ಕೂತ ಕೋಶಗಳಲ್ಲಿ ಎಳೆಯವುಗಳ ಚಾಚು ಗಿಡ್ಡ, ಅಂಚಿಗೆ ಸಮಾನಾಂತರ. ಸ್ವಲ್ಪ ಬಲಿತವುಗಳದ್ದು ಗ್ರ್ಯಾನ್ಯೂಲ್ ಪದರವನ್ನು ಸೀಳಿಕೊಂಡು ಮೇಲೇರಿ ಮಾಲಿಕ್ಯುಲರ್ ಪದರದಲ್ಲಿ ಕವಲೊಡೆದಿರುತ್ತದೆ. ಆ ಕವಲು ಕಾಣದೆ ಬರೀ ಚುಕ್ಕಿಗಳು ಕಂಡರೆ ಎಣಿಸಲು ಹೋಗಬೇಡಿ. ಮೊದಲು ಫಿಕ್ಸೇಶನ್ (ಅಂಗಾಂಶ ಕೆಡದಂತೆ ರಾಸಾಯನಿಕದಲ್ಲಿ ಸ್ಥಿರಗೊಳಿಸುವುದು) ಪರಿಶೀಲಿಸಿ.

ಗಿನಿಪಿಗ್‌ನದ್ದು ಎಂಬುದೇ ಇನ್ನೊಂದು ಅನುಕೂಲ. ಬೇರೆ ಪ್ರಾಣಿಗಳಲ್ಲಿ ತಯಾರಾದ ಆಂಟಿಬಾಡಿಗಳಾದ ಮೊಲದ ಕೆಐ-67 (ವಿಭಜನೆಯಾಗುವ ಕೋಶಕ್ಕೆ), ಮೇಕೆಯ ಸಾಕ್ಸ್2 (ಕಾಂಡಕೋಶಕ್ಕೆ), ಮೌಸ್‌ನ ನ್ಯೂಎನ್ (ಬಲಿತ ನರಕೋಶಕ್ಕೆ) ಯಾವುದರ ಜೊತೆಗೂ ಹೊಂದುತ್ತದೆ. ಸೆಕೆಂಡರಿ (ಮೊದಲ ಆಂಟಿಬಾಡಿಗೆ ಅಂಟುವ, ಬಣ್ಣ ಹೊತ್ತ ಎರಡನೇ ಆಂಟಿಬಾಡಿ) ಕೊಳ್ಳುವಾಗ ಮಾತ್ರ ಇಲಿ ಮತ್ತು ಮೊಲದ ಐಜಿಜಿ (ರಕ್ತದ ಆಂಟಿಬಾಡಿ) ವಿರುದ್ಧ ಕ್ರಾಸ್-ಅಡ್ಸಾರ್ಬ್ ಮಾಡಿದ್ದನ್ನೇ, ಅಂದರೆ ಅವಕ್ಕೆ ಅಂಟುವ ಭಾಗ ತೆಗೆದದ್ದನ್ನೇ ಕೇಳಿ. ಇಲ್ಲವಾದರೆ ರಕ್ತನಾಳಗಳೂ ಹೊಳೆಯುತ್ತವೆ, ಪಕ್ಕದ ಚಾನೆಲ್‌ಗೂ ಬಣ್ಣ ಸೋರುತ್ತದೆ.

ಕ್ರಮ ಹೀಗೆ. 4% ಪಿಎಫ್‌ಎಯಲ್ಲಿ (ಪ್ಯಾರಾಫಾರ್ಮಾಲ್ಡಿಹೈಡ್) ಪರ್ಫ್ಯೂಸ್ ಮಾಡಿ, ಅಂದರೆ ಅದನ್ನು ರಕ್ತನಾಳಗಳ ಮೂಲಕ ಹರಿಸಿ, ಅದರಲ್ಲೇ ಒಂದು ರಾತ್ರಿ 4 ಡಿಗ್ರಿಯಲ್ಲಿಡಿ. 30% ಸುಕ್ರೋಸ್‌ನಲ್ಲಿ ಮಿದುಳು ತಳ ಮುಟ್ಟುವವರೆಗೆ ಬಿಡಿ. 40 ಮೈಕ್ರಾನ್ ಸೆಕ್ಷನ್ (ಮಿದುಳಿನ ತೆಳು ಬಿಲ್ಲೆ) ತೇಲಬಿಟ್ಟು, 5% ಡಾಂಕಿ ಸೀರಮ್ ಮತ್ತು 0.3% ಟ್ರೈಟನ್‌ನಲ್ಲಿ ಆಂಟಿಬಾಡಿ ಬೇಡದ ಕಡೆ ಅಂಟದಂತೆ ಒಂದು ಗಂಟೆ ಬ್ಲಾಕ್ ಮಾಡಿ. ಪ್ರೈಮರಿ (ಅಂದರೆ ಎಬಿ2253) 4 ಡಿಗ್ರಿಯಲ್ಲಿ ರಾತ್ರಿಯಿಡೀ. ಸೆಕೆಂಡರಿ 1:500ರಲ್ಲಿ ಎರಡು ಗಂಟೆ. ಪ್ರತಿ ಹಂತದ ನಂತರ ಪಿಬಿಎಸ್‌ನಲ್ಲಿ ಹತ್ತು ನಿಮಿಷದಂತೆ ಮೂರು ತೊಳೆತ. ಪಾಲಿಕ್ಲೋನಲ್ ಆದ್ದರಿಂದ ಒಂದು ಲಾಟ್‌ನ (ತಯಾರಿಕೆಯ ಕಂತಿನ) ಡೈಲ್ಯೂಶನ್ ಇನ್ನೊಂದಕ್ಕೆ ನಡೆಯುತ್ತದೆಂಬ ಭರವಸೆಯಿಲ್ಲ. ಹೊಸ ಲಾಟ್ ಬಂದಾಗಲೆಲ್ಲ 1:1000, 1:2000, 1:4000 ಮೂರನ್ನೂ ಹಾಕಿ ನೋಡಿ. ಬಂದ ದಿನವೇ ಸಣ್ಣ ಸಣ್ಣ ಟ್ಯೂಬುಗಳಿಗೆ ಹಂಚಿ ಫ್ರೀಜರಿಗೆ ಹಾಕಿ; ಕರಗಿಸಿ ಮತ್ತೆ ಹೆಪ್ಪುಗಟ್ಟಿಸುವುದು ಬೇಡ. ಬಳಸುವ ಮುನ್ನ ಐದು ನಿಮಿಷ ಸೆಂಟ್ರಿಫ್ಯೂಜ್ ಮಾಡಿದರೆ ಸೆಕ್ಷನ್ ಮೇಲೆ ಮರಳು ಎರಚಿದಂಥ ಹೊಳಪು ಕಡಿಮೆಯಾಗುತ್ತದೆ.

ಕೆಐ-67 ಜೊತೆಗಿದ್ದರೆ ಆಂಟಿಜೆನ್ ರಿಟ್ರೀವಲ್ (ಫಿಕ್ಸೇಶನ್‌ನಿಂದ ಮುಚ್ಚಿಹೋದ ಪ್ರೋಟೀನನ್ನು ಬಿಸಿಮಾಡಿ ತೆರೆಯುವುದು) ಬೇಕಾಗುತ್ತದೆ: 10 ಮಿಲಿಮೋಲಾರ್ ಸಿಟ್ರೇಟ್, ಪಿಎಚ್ 6. ತೇಲುವ ಸೆಕ್ಷನ್ 95 ಡಿಗ್ರಿಯಲ್ಲಿ ಸುರುಟಿಕೊಳ್ಳುತ್ತದೆ; 80 ಡಿಗ್ರಿಯಲ್ಲಿ ಅರ್ಧ ಗಂಟೆ ಸಾಕು. ಬಿಆರ್‌ಡಿಯು (ಪ್ರಾಣಿಗೆ ಕೊಟ್ಟಾಗ ವಿಭಜಿಸುವ ಕೋಶದ ಡಿಎನ್‌ಎಗೆ ಸೇರುವ ಗುರುತು) ಜೊತೆಗಾದರೆ ಡಬಲ್‌ಕಾರ್ಟಿನ್ ಮೊದಲು ಮುಗಿಸಿ, 4% ಪಿಎಫ್‌ಎಯಲ್ಲಿ ಹತ್ತು ನಿಮಿಷ ಮತ್ತೆ ಫಿಕ್ಸ್ ಮಾಡಿ, ಆಮೇಲೆ 2 ನಾರ್ಮಲ್ ಎಚ್‌ಸಿಎಲ್‌ನಲ್ಲಿ 37 ಡಿಗ್ರಿಯಲ್ಲಿ ಅರ್ಧ ಗಂಟೆ, ಬೋರೇಟ್ ಬಫರ್‌ನಲ್ಲಿ ತೊಳೆತ. ಮೊದಲೇ ಆಮ್ಲಕ್ಕೆ ಹಾಕಿದರೆ ಸೂಕ್ಷ್ಮ ಚಾಚುಗಳನ್ನು ಕಳೆದುಕೊಳ್ಳುತ್ತೀರಿ.

ಪಾಸಿಟಿವ್ ಕಂಟ್ರೋಲ್‌ಗೆ ಬೇರೆ ಪ್ರಾಣಿ ಬೇಡ. ಘ್ರಾಣಗೋಳದತ್ತ ಹರಿಯುವ ರೋಸ್ಟ್ರಲ್ ಮೈಗ್ರೇಟರಿ ಸ್ಟ್ರೀಮ್ ಅದೇ ಮಿದುಳಿನಲ್ಲಿದೆ. ಅಲ್ಲಿ ಕಿಕ್ಕಿರಿದು ಕಾಣದಿದ್ದರೆ ಸ್ಟೇನಿಂಗ್ ಕೆಟ್ಟಿದೆ ಎಂದೇ ಅರ್ಥ.

ಈಗ ಮಿತಿ. ಈ ಪ್ರೋಟೀನು ಹೇಳುವುದು ಕೋಶ ಎಳೆಯದು ಎಂದಷ್ಟೇ, ನಿನ್ನೆ ಮೊನ್ನೆ ಹುಟ್ಟಿತು ಎಂದಲ್ಲ. ಪಿರಿಫಾರ್ಮ್ ಕಾರ್ಟೆಕ್ಸ್‌ನ ಎರಡನೇ ಪದರದಲ್ಲಿ ಡಬಲ್‌ಕಾರ್ಟಿನ್ ಇರುವ ಕೋಶಗಳು ಧಾರಾಳ, ಆದರೆ ಅವು ಭ್ರೂಣದಲ್ಲೇ ಹುಟ್ಟಿ ಬಲಿಯದೆ ಉಳಿದವು. ಇದನ್ನೇ ಹೊಸ ಹುಟ್ಟು ಎಂದು ಬರೆದರೆ ಪೇಪರು ವಾಪಸು ಬರುವುದು ನ್ಯಾಯವೇ. ಹುಟ್ಟಿನ ಪುರಾವೆ ಬೇಕೆಂದರೆ ಬಿಆರ್‌ಡಿಯು ಕೊಟ್ಟು ಎರಡೂ ಒಂದೇ ಕೋಶದಲ್ಲಿವೆ ಎಂದು ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ಜ಼ಡ್ (ಆಳದ) ದಿಕ್ಕಿನಲ್ಲೂ ತೋರಿಸಬೇಕು.

ಮನುಷ್ಯರ ಅಂಗಾಂಶದಲ್ಲಿ ಇನ್ನೂ ಕಷ್ಟ. 2018ರಲ್ಲಿ ಒಂದು ತಂಡ ವಯಸ್ಕ ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶ ಕಾಣಲಿಲ್ಲವೆಂದಿತು. 2019ರಲ್ಲಿ ಇನ್ನೊಂದು ತಂಡ ಸಾವಿರಾರು ಕಂಡವೆಂದಿತು, ಫಿಕ್ಸೇಶನ್ ಹೊತ್ತು 12 ಗಂಟೆ ದಾಟಿದರೆ ಡಬಲ್‌ಕಾರ್ಟಿನ್ ಸಂಕೇತ ಕುಗ್ಗುವುದನ್ನೂ ತೋರಿಸಿತು. ನಿಮ್ಹಾನ್ಸ್‌ನ ಮಿದುಳು ಭಂಡಾರದಿಂದ ತರಿಸಿದರೂ, ಬೇರೆಲ್ಲಿಂದ ತರಿಸಿದರೂ, ಸಾವಿನಿಂದ ಫಿಕ್ಸೇಶನ್‌ವರೆಗೆ ಕಳೆದ ಗಂಟೆಗಳು, ಫಾರ್ಮಲಿನ್‌ನಲ್ಲಿದ್ದ ಅವಧಿ ಎರಡನ್ನೂ ಆಂಟಿಬಾಡಿ ಆರ್ಡರ್ ಮಾಡುವ ಮುನ್ನವೇ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.