ಇಂಟರ್ನೆಟ್ ಹೋಯಿತು, ಕಾಟಾ ನಿಂತಿತು: ನೆಟ್‌ವರ್ಕ್ ಕಾಯುವ ನ್ಯಾಕ್ (NAC) ಸಾಫ್ಟ್‌ವೇರ್ ಕೊಳ್ಳುವವರು ದಯವಿಟ್ಟು ಓದಿ

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಒಂದು ದಾಲ್‌ಮಿಲ್‌ನಲ್ಲಿ ಕಂಪ್ಯೂಟರ್, ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ನನ್ನದು. ಜನವರಿಯಲ್ಲಿ ತೊಗರಿ ಆವಕ ಜೋರಾಗಿದ್ದ ಒಂದು ದಿನ, ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ನಾಲ್ಕರವರೆಗೆ ಲಾರಿ ತೂಗುವ ನಮ್ಮ ಕಾಟಾದಿಂದ ತೂಕದ ಒಂದು ಚೀಟಿಯೂ ಬರಲಿಲ್ಲ. ಲಾರಿ, ಟ್ರ್ಯಾಕ್ಟರ್‌ಗಳು ಗೇಟು ದಾಟಿ ರಸ್ತೆಯವರೆಗೆ ನಿಂತವು. ಹಮಾಲರು ಆ ದಿನದ ಕೂಲಿ ಕಳೆದುಕೊಂಡರು. ಆಳಂದ ಕಡೆಯಿಂದ ಬಂದ ಟ್ರ್ಯಾಕ್ಟರ್‌ನವರು ಕಿಟಕಿಗೆ ಬಂದು, "ತೂಕ ಕಾಣ್ಲತ್ತದಲ್ರೀ ಸರ, ಚೀಟಿ ಯಾಕ ಬರವಲ್ದು?" ಅಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಕಾಟಾ ಸರಿ ಇತ್ತು. ಅದರ ಕಂಪ್ಯೂಟರ್ ಸರಿ ಇತ್ತು. ಚೀಟಿ ಬರೆಯುವ ಸರ್ವರ್ ನೂರು ಹೆಜ್ಜೆ ಆಚೆ ಆಫೀಸಿನಲ್ಲಿ ನಡೆಯುತ್ತಿತ್ತು. ಎರಡರ ನಡುವೆ ಅಡ್ಡ ನಿಂತದ್ದು ನಾವೇ ಹಣ ಕೊಟ್ಟು ತಂದಿದ್ದ ನ್ಯಾಕ್, ಅಂದರೆ ನೆಟ್‌ವರ್ಕ್‌ಗೆ ಯಾವ ಯಂತ್ರ ಸೇರಬಹುದು, ಯಾವುದು ಸೇರಬಾರದು ಎಂದು ನಿರ್ಧರಿಸುವ ಸಾಫ್ಟ್‌ವೇರ್.

ಅದು ಬೇಕಿತ್ತು, ಅದರಲ್ಲಿ ಅನುಮಾನವಿಲ್ಲ. ಮಷೀನ್ ರಿಪೇರಿಗೆ ಬಂದ ಹೊರಗಿನವರೊಬ್ಬರು ಗೋಡೆಯ ಖಾಲಿ ಪೋರ್ಟಿಗೆ ಲ್ಯಾಪ್‌ಟಾಪ್ ಚುಚ್ಚಿದಾಗ ನಮ್ಮ ಲೆಕ್ಕದ ಫೋಲ್ಡರ್ ಅವರಿಗೆ ತೆರೆದು ಕಂಡಿತ್ತು. ತಪ್ಪಾದದ್ದು ಆರಿಸಿದ ರೀತಿ. ಮಾರುವವರು ಮಾಲೀಕರ ಕೋಣೆಯಲ್ಲಿ ಎರಡು ಲ್ಯಾಪ್‌ಟಾಪ್ ಇಟ್ಟು ತೋರಿಸಿದರು, ಚೆಂದ ಕಂಡಿತು, ಒಪ್ಪಿದೆವು. ಮಿಲ್ಲಿನೊಳಗೆ ಹಚ್ಚಿ ನೋಡಲಿಲ್ಲ.

ನಮ್ಮ ನ್ಯಾಕ್ ಬಳಸುತ್ತಿದ್ದ 802.1ಎಕ್ಸ್ ಎಂಬ ಪ್ರವೇಶ ಪರೀಕ್ಷೆಯ ಪದ್ಧತಿಯಲ್ಲಿ, ಯಂತ್ರಗಳ ಕೇಬಲ್ ಬಂದು ಸೇರುವ ಪೆಟ್ಟಿಗೆ, ಅಂದರೆ ಸ್ವಿಚ್, ತಾನಾಗಿ ನಿರ್ಧಾರ ಮಾಡುವುದಿಲ್ಲ. ಯಾರನ್ನು ಒಳಗೆ ಬಿಡಬೇಕೆಂದು ಹೇಳುವ ರೇಡಿಯಸ್ ಸರ್ವರನ್ನು ಕೇಳುತ್ತದೆ. ನಮ್ಮ ರೇಡಿಯಸ್ ಸರ್ವರ್ ಇದ್ದದ್ದು ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್ ಮೂಲಕವೇ ಮುಟ್ಟಬೇಕಾದ ಹೊರಗಿನ ಜಾಗದಲ್ಲಿ. ಆ ದಿನ ಒಂಬತ್ತೂವರೆಗೆ ಎಲ್ಲೋ ರಸ್ತೆ ಅಗೆಯುವಾಗ ಫೈಬರ್ ಕಡಿಯಿತು. ಪ್ರತಿ ತಾಸಿಗೊಮ್ಮೆ ಮರುಪರೀಕ್ಷೆ ಎಂದು ಮಾರಿದವರು ಇಟ್ಟಿದ್ದರು. ಉತ್ತರ ಬರದಿದ್ದಾಗ ಏನು ಮಾಡಬೇಕೆಂದು ಇಟ್ಟಿರಲೇ ಇಲ್ಲ. ಹಾಗಾಗಿ ಒಂದು ತಾಸಿನೊಳಗೆ ಒಂದೊಂದೇ ಯಂತ್ರ ನೆಟ್‌ವರ್ಕ್‌ನಿಂದ ಹೊರಗೆ ಬಿತ್ತು. ಸಂಪರ್ಕ ಕಡಿದಾಗ ಮುಖ್ಯ ಯಂತ್ರಗಳನ್ನು ಒಂದು ಮೀಸಲು ವಿಲ್ಯಾನ್‌ಗೆ (ನೆಟ್‌ವರ್ಕ್‌ನೊಳಗೆ ಬೇರೆ ಮಾಡಿದ ಭಾಗಕ್ಕೆ) ಬಿಡುವ ಸೌಲಭ್ಯ ಬಹಳ ಸ್ವಿಚ್‌ಗಳಲ್ಲಿ ಇರುತ್ತದೆ. ನಮ್ಮವುಗಳಲ್ಲೂ ಇತ್ತೆಂದು ಆಮೇಲೆ ತಿಳಿಯಿತು. ಆದರೆ ಸ್ವಿಚ್‌ಗಳ ಅಡ್ಮಿನ್ ಪಾಸ್‌ವರ್ಡ್ ಮಾರಿದವರ ಬಳಿ ಮಾತ್ರ ಇತ್ತು, ಅವರು ಫೋನ್ ಎತ್ತಿದ್ದು ಮೂರೂವರೆಗೆ. ಇದು ನನ್ನ ದೊಡ್ಡ ತಪ್ಪು. ಪಾಸ್‌ವರ್ಡ್ ಕೈಗೆ ಬರುವವರೆಗೆ ಕೊನೆಯ ಕಂತು ಕೊಡಬೇಡಿ.

ಲೈಸೆನ್ಸ್ ಲೆಕ್ಕದಲ್ಲೂ ಏಟು ತಿಂದೆವು. ನೂರು ಸಾಧನಕ್ಕೆ ತೆಗೆದುಕೊಂಡಿದ್ದೆವು, ಇದ್ದದ್ದು ಅರವತ್ತು ಚಿಲ್ಲರೆ. ಎರಡೇ ತಿಂಗಳಲ್ಲಿ ಮಿತಿ ಮೀರಿದೆ ಎಂಬ ಸೂಚನೆ ಬಂತು. ಆಂಡ್ರಾಯ್ಡ್ 10, ಐಒಎಸ್ 14 ಬಂದ ಮೇಲೆ ಫೋನ್‌ಗಳು ಒಂದೊಂದು ವೈಫೈ ಹೆಸರಿಗೆ ಒಂದೊಂದು ಬೇರೆ ಮ್ಯಾಕ್ ವಿಳಾಸ (ನೆಟ್‌ವರ್ಕ್‌ನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ತೋರಿಸುತ್ತವೆ. ಆಫೀಸು, ಗೋದಾಮು, ಅತಿಥಿಗಳು ಎಂದು ನಮ್ಮಲ್ಲಿ ಮೂರು ವೈಫೈ. ಒಂದೇ ಫೋನು ಮೂರು ಸಾಧನವಾಗಿ ಎಣಿಕೆಯಾಯಿತು. ಕಾಣದ ಸಾಧನವನ್ನು ಎಷ್ಟು ದಿನಕ್ಕೆ ಲೆಕ್ಕದಿಂದ ಬಿಡುತ್ತೀರಿ ಎಂದು ಬರಹದಲ್ಲೇ ಕೇಳಿ ಪಡೆಯಿರಿ.

ಇನ್ನೊಂದು ವಿಷಯ ನನಗೆ ಇಂದಿಗೂ ಚಿಂತೆ. ಹಾಜರಿ ಯಂತ್ರ, ಕ್ಯಾಮೆರಾದ ಡಿವಿಆರ್, ಲೇಬಲ್ ಪ್ರಿಂಟರ್, ಇವು ನಮ್ಮಲ್ಲಿ 802.1ಎಕ್ಸ್ ಅರಿಯದ ಯಂತ್ರಗಳು. ಅವನ್ನು ಮ್ಯಾಕ್ ವಿಳಾಸ ನೋಡಿ ಒಳಗೆ ಬಿಟ್ಟಿದ್ದರು. ಆ ವಿಳಾಸ ಯಂತ್ರದ ಹಿಂದಿನ ಚೀಟಿಯಲ್ಲೇ ಅಚ್ಚಾಗಿರುತ್ತದೆ. ಅದನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡರೆ ಯಾರಾದರೂ ಒಳಗೆ. ಅಂಥ ಯಂತ್ರಗಳನ್ನು ಪ್ರತ್ಯೇಕ ವಿಲ್ಯಾನ್‌ನಲ್ಲಿಟ್ಟು, ಅವಕ್ಕೆ ಬೇಕಾದ ಒಂದೆರಡು ಸರ್ವರ್ ಬಿಟ್ಟು ಬೇರೇನೂ ಕಾಣದಂತೆ ಮಾಡಿಸಿ. ನಮಗೆ ಕೊಟ್ಟವರು ಎಲ್ಲವನ್ನೂ ಲೆಕ್ಕದ ಕಂಪ್ಯೂಟರ್‌ಗಳ ಜೊತೆಗೇ ಇಟ್ಟಿದ್ದರು.

ಈಗ ಅದನ್ನು ತೆಗೆಸಿ, ಪ್ಯಾಕೆಟ್‌ಫೆನ್ಸ್ ಎಂಬ ಮುಕ್ತ ತಂತ್ರಾಂಶವನ್ನು ನಮ್ಮದೇ ಸರ್ವರ್‌ನಲ್ಲಿ ಹಾಕಿದ್ದೇವೆ. ಅದಕ್ಕೆ ಲೈಸೆನ್ಸ್ ಹಣವಿಲ್ಲ, ಆದರೆ ಕಲಿಯಲು ನನಗೆ ಬಹಳ ರಾತ್ರಿಗಳು ಹಿಡಿದವು. ಮೊದಲ ತಿಂಗಳು ಯಾರನ್ನೂ ತಡೆಯದೆ, ಯಾವ ಪೋರ್ಟಿನಲ್ಲಿ ಏನಿದೆ ಎಂದು ಬರೆದುಕೊಂಡೆವು. ಆಮೇಲೆ ಒಂದು ಭಾನುವಾರ ಮಾಲೀಕರ ಎದುರಿಗೇ ಇಂಟರ್ನೆಟ್ ಕೇಬಲ್ ಕಿತ್ತು, ಎರಡು ತಾಸು ಕಾದು, ಖಾಲಿ ಲಾರಿಯನ್ನು ಕಾಟಾಕ್ಕೆ ಹತ್ತಿಸಿದೆವು. ಚೀಟಿ ಬಂತು.