ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಮೇಲೆ ತರ್ತೇವೆ ಅನ್ನುವವರ ಕೈಗೆ ಓನರ್‌ಶಿಪ್ ಕೊಡಬೇಡಿ

ಬದಿಯಡ್ಕ, ಕುಂಬಳೆ, ಉಪ್ಪಳ ಕಡೆ ಅಂಗಡಿ ಇಟ್ಟವರೆಲ್ಲ ದಯವಿಟ್ಟು ಓದಿ. "ಗೂಗಲ್‌ನಿಂದ ಮಾತಾಡ್ತಿದ್ದೇವೆ, ನಿಮ್ಮ ಪ್ರೊಫೈಲ್ ವೆರಿಫೈ ಆಗಿಲ್ಲ, ಈ ವಾರ ಡಿಲೀಟ್ ಆಗ್ತದೆ" ಅಂತ ಫೋನ್ ಬಂದರೆ ಅಲ್ಲೇ ಇಟ್ಟುಬಿಡಿ. ಬಿಸಿನೆಸ್ ಪ್ರೊಫೈಲ್, ಅಂದರೆ ಮ್ಯಾಪ್‌ನಲ್ಲಿ ಅಂಗಡಿಯ ಹೆಸರು, ಫೋಟೊ, ನಂಬರ್ ಕಾಣುವ ಪುಟ, ಪೂರ್ತಿ ಉಚಿತ. ಅದಕ್ಕೆ ಗೂಗಲ್ ಒಂದು ರೂಪಾಯಿಯೂ ಕೇಳುವುದಿಲ್ಲ. ಹೀಗೆ ಫೋನ್ ಮಾಡಿದ ಏಜೆನ್ಸಿಯವರು ನಮ್ಮ ಪಂಪ್‌ಸೆಟ್ ರಿಪೇರಿ ಅಂಗಡಿಯಿಂದ ವರ್ಷಕ್ಕೆ 14,000 ರೂಪಾಯಿ ತೆಗೆದುಕೊಂಡರು.

ಮೋಸ ಗೊತ್ತಾದದ್ದು ಪೆರ್ಲದ ಹಳೆಯ ಗಿರಾಕಿಯೊಬ್ಬರು ಅಂಗಡಿಗೇ ಬಂದಾಗ. "ಎಂತ ಮಾರಾಯ್ರೇ, ನಿಮ್ಮ ನಂಬರಿಗೆ ಫೋನ್ ಮಾಡಿದ್ರೆ ಯಾರೋ ಹಿಂದಿಯಲ್ಲಿ ಮಾತಾಡ್ತಾರಲ್ಲ?" ಮ್ಯಾಪ್ ತೆರೆದು ನೋಡಿದರೆ ಹೆಸರು ನಮ್ಮದು, ಬಾಗಿಲ ಫೋಟೊ ನಮ್ಮದು, ನಂಬರ್ ಮಾತ್ರ ಬೇರೆ! ತೋಟಕ್ಕೆ ನೀರು ಬಿಡುವ ಮಾರ್ಚ್ ತಿಂಗಳು. ಪಂಪ್ ಕೆಟ್ಟವರು ಎರಡು ಸಲ ಫೋನ್ ಮಾಡಿ ನೋಡ್ತಾರೆ, ಮತ್ತೆ ಬೇರೆಯವರನ್ನು ಕರೀತಾರೆ. ಎಷ್ಟು ಕರೆ ಹೋಯಿತು ಅಂತ ಲೆಕ್ಕವೇ ಇಲ್ಲ.

ಏಜೆನ್ಸಿಯವರನ್ನು ಕೇಳಿದ್ದಕ್ಕೆ ಮೊದಲು "ಅದು ಟ್ರ್ಯಾಕಿಂಗ್ ನಂಬರ್ ಸರ್, ರಿಪೋರ್ಟ್‌ಗೋಸ್ಕರ" ಅಂದರು, ಅಂದರೆ ಎಷ್ಟು ಕರೆ ಬಂತು ಅಂತ ಲೆಕ್ಕ ಇಡುವ ನಂಬರ್ ಅಂತೆ. ರಿಪೋರ್ಟ್ ಎಲ್ಲಿ ಅಂದರೆ ಉತ್ತರ ಇಲ್ಲ. ನಂಬರ್ ಬದಲಿಸಿ ಅಂದರೆ "ರಿನ್ಯೂವಲ್ ಮಾಡಿ, ಮಾಡಿಕೊಡ್ತೇವೆ". ಪ್ರೊಫೈಲ್ ವಾಪಸ್ ಕೊಡಿ ಅಂದಾಗ ಬಂದ ಮೆಸೇಜ್: "ಪ್ರೊಫೈಲ್ ಕಂಪನಿಯ ಪ್ರಾಪರ್ಟಿ ಸರ್." ನಮ್ಮ ಅಂಗಡಿ, ನಮ್ಮ ಬೋರ್ಡು, ಪ್ರಾಪರ್ಟಿ ಮಾತ್ರ ಅವರದ್ದಂತೆ!

ತಪ್ಪಿದ್ದು ಒಂದೇ ಕಡೆ. ವೆರಿಫಿಕೇಶನ್ ಹೊತ್ತಿಗೆ ಅವರು ಕೇಳಿದ ಕೋಡ್ ಹೇಳಿಬಿಟ್ಟದ್ದು. ಅವರ ಜಿಮೇಲ್ ಪ್ರೈಮರಿ ಓನರ್ (ಪ್ರೊಫೈಲಿನ ಮುಖ್ಯ ಮಾಲಿಕ) ಆಯಿತು, ನಮ್ಮದು ಬರೀ ಮ್ಯಾನೇಜರ್. ಮ್ಯಾನೇಜರ್ ಆದವನಿಗೆ ಬೇರೆ ಯಾರನ್ನೂ ತೆಗೆದುಹಾಕಲು ಆಗುವುದಿಲ್ಲ.

ಈಗಲೇ ನೋಡಿ. ಅಂಗಡಿಯ ಜಿಮೇಲ್‌ನಲ್ಲಿ ಲಾಗಿನ್ ಆಗಿ ಗೂಗಲ್‌ನಲ್ಲಿ ಅಂಗಡಿ ಹೆಸರು ಹಾಕಿ. ಮೂರು ಚುಕ್ಕಿ ಒತ್ತಿ, ಬಿಸಿನೆಸ್ ಪ್ರೊಫೈಲ್ ಸೆಟ್ಟಿಂಗ್ಸ್, ಅದರೊಳಗೆ ಪೀಪಲ್ ಆ್ಯಂಡ್ ಆ್ಯಕ್ಸೆಸ್. ಪ್ರೈಮರಿ ಓನರ್ ನೀವೇ ಇರಬೇಕು. ಏಜೆನ್ಸಿಯವರಿಗೆ ಮ್ಯಾನೇಜರ್ ಸಾಕು. ಫೋಟೊ ಹಾಕಲು, ರಿವ್ಯೂಗೆ ಉತ್ತರ ಕೊಡಲು ಅಷ್ಟೇ ಬೇಕಾದದ್ದು. ಓನರ್ ಮಾಡದಿದ್ದರೆ ಕೆಲಸ ಆಗುವುದಿಲ್ಲ ಅಂದರೆ ಸುಳ್ಳು. ವೆಬ್‌ಸೈಟ್ ಇದ್ದರೆ ಡೊಮೇನ್ (ವೆಬ್‌ಸೈಟಿನ ವಿಳಾಸ) ಯಾರ ಹೆಸರಲ್ಲಿ ಉಂಟು ಅಂತಲೂ ನೋಡಿ, ಅಲ್ಲಿಯೂ ಇದೇ ಆಟ.

ಇವರು ತಂದ ರಿವ್ಯೂ ಇನ್ನೊಂದು ಕಾಟ. ಒಂದೇ ವಾರದಲ್ಲಿ ಐದು ಸ್ಟಾರಿನ ಮೂವತ್ತು. ಬರೆದವರ ಹೆಸರು ಒತ್ತಿ ನೋಡಿದರೆ ಅದೇ ದಿನ ಸೂರತ್‌ನ ಹಲ್ಲಿನ ಡಾಕ್ಟರಿಗೂ ಐದು ಸ್ಟಾರ್. ಗೂಗಲ್ ಹಿಡಿದರೆ ಅವನ್ನು ಅಳಿಸುವುದು ಮಾತ್ರ ಅಲ್ಲ, ಹೊಸ ರಿವ್ಯೂ ಬರುವುದನ್ನೇ ಸ್ವಲ್ಪ ಸಮಯ ನಿಲ್ಲಿಸಬಹುದು. ಅಂಗಡಿ ಹೆಸರಿಗೆ "ಬೆಸ್ಟ್ ಪಂಪ್ ರಿಪೇರಿ ಕಾಸರಗೋಡು" ಅಂತ ಬಾಲ ಸೇರಿಸಿದ್ದರು. ಬೋರ್ಡಿನಲ್ಲಿ ಇಲ್ಲದ ಹೆಸರು ನಿಯಮಕ್ಕೆ ವಿರುದ್ಧ, ಪ್ರೊಫೈಲ್ ಸಸ್ಪೆಂಡ್ ಆಗುವ ಅಪಾಯ ಉಂಟು. ಆಗ ಕಷ್ಟ ಅವರಿಗಲ್ಲ, ಅಂಗಡಿಗೆ.

ವಾರಕ್ಕೊಮ್ಮೆ ಬೇರೆಯವರ ಫೋನಿನಿಂದ ನಿಮ್ಮ ಅಂಗಡಿ ಹುಡುಕಿ, ಅಲ್ಲಿ ಕಾಣುವ ನಂಬರಿಗೇ ಕರೆ ಮಾಡಿ. ಎರಡು ನಿಮಿಷದ ಕೆಲಸ.

ಓನರ್‌ಶಿಪ್‌ಗೆ ಗೂಗಲ್‌ನಲ್ಲೇ ರಿಕ್ವೆಸ್ಟ್ ಹಾಕಿದ್ದೇವೆ. ಈಗಿನ ಓನರ್‌ಗೆ ಉತ್ತರ ಕೊಡಲು 3 ದಿನ, ಇವತ್ತು ಎರಡನೆಯದು. ನಮ್ಮ ಗಿರಾಕಿಗಳು ಅಲ್ಲಿವರೆಗೆ ಮ್ಯಾಪ್‌ನ ನಂಬರಿಗೆ ಫೋನ್ ಮಾಡಬೇಡಿ, ಹಳೆಯ ಬಿಲ್ಲಿನಲ್ಲಿರುವ ನಂಬರಿಗೆ ಮಾಡಿ.