ಗ್ಯಾಸೋ ಇಂಡಕ್ಷನ್ನೋ: ನಮ್ಮ ಅಡುಗೆಮನೆಯ ಲೆಕ್ಕ

'ಗೃಹಜ್ಯೋತಿಯ ಉಚಿತ ವಿದ್ಯುತ್ ಇರುವಾಗ ಗ್ಯಾಸ್ ಯಾಕೆ ಸುಡುತ್ತೀರಿ?' ಎಂದು ಕಚೇರಿಯಲ್ಲಿ ಒಬ್ಬರು ಕೇಳಿದ್ದೇ ನೆಪ. ಸಂಬಳ ಬಂದ ವಾರವೇ ಇಂಡಕ್ಷನ್ ಒಲೆ ಮನೆಗೆ ಬಂತು. ಮೈಸೂರಿನ ಬಾಡಿಗೆ ಮನೆ, ನಾಲ್ಕು ಜನ, ಎರಡು ಹೊತ್ತು ಬಿಸಿ ಅಡುಗೆ. ಸ್ನಾನದ ನೀರಿಗೆ ಮಾಲೀಕರ ಸೋಲಾರ್ ಇರುವುದು ನಮ್ಮ ಪುಣ್ಯ.

ಅಲ್ಲಿಯವರೆಗಿನ ಲೆಕ್ಕ ಕ್ಯಾಲೆಂಡರಿನಲ್ಲೇ ಇತ್ತು. ಸಿಲಿಂಡರ್ ಹಚ್ಚಿದ ದಿನ ಅತ್ತೆ ಅಲ್ಲಿ ಒಂದು ಸುತ್ತು ಹಾಕುತ್ತಾರೆ. ಒಂದಕ್ಕೆ ಸರಾಸರಿ 38 ದಿನ. ತಂದುಕೊಡುವವನ ಕೈಗೆ ಹಾಕುವುದೂ ಸೇರಿ ಸಿಲಿಂಡರಿಗೆ ಆಗ 890 ರೂಪಾಯಿ ಬೀಳುತ್ತಿತ್ತು. ಅಂದರೆ ತಿಂಗಳಿಗೆ ಸುಮಾರು 700.

ಇಂಡಕ್ಷನ್ ತಿಂಗಳಲ್ಲಿ ರೊಟ್ಟಿ, ಹಪ್ಪಳ, ಸುಟ್ಟ ಬದನೆಕಾಯಿ ಬಿಟ್ಟು ಉಳಿದದ್ದೆಲ್ಲ ಅದರ ಮೇಲೆಯೇ ಆಯಿತು. ಹಾಲು ಕಾಯುವ ವೇಗ ನೋಡಿ ನಾನೇ ಬೆರಗಾದೆ. ಬೇಸಿಗೆಯಲ್ಲಿ ಅಡುಗೆಮನೆ ಕುಲುಮೆಯಾಗಲಿಲ್ಲ ಎಂಬ ಸುಖವನ್ನೂ ಮರೆಯಬಾರದು. ಆದರೆ ಮುದ್ದೆ! ಗ್ಯಾಸಿನ ಮೇಲೆ ಪಾತ್ರೆಯನ್ನು ಕವೆಗೋಲಿನಿಂದ ಒತ್ತಿ ಹಿಡಿದು ಹಿಟ್ಟು ತೊಳಸುವುದು ಅತ್ತೆಯ ರೂಢಿ. ಇಲ್ಲಿ ಒತ್ತಿದೊಡನೆ ಪಾತ್ರೆ ಗಾಜಿನ ಮೇಲೆ ಜಾರಿತು. ಒಲೆ 'ಕುಂಯ್' ಎಂದು ಕೂಗಿ ಆರಿಹೋಯಿತು. ಮೂರು ಸಲ ಹೀಗಾದ ಮೇಲೆ ಅವರು ಪಾತ್ರೆಯನ್ನು ನೆಲಕ್ಕಿಳಿಸಿ, ಕಾಲಿನ ನಡುವೆ ಇಟ್ಟುಕೊಂಡು ತೊಳಸಿದರು. ಅಂದಿನ ಮುದ್ದೆಯಲ್ಲಿ ಗಂಟು ಇತ್ತು. ಯಾರೂ ಮಾತಾಡಲಿಲ್ಲ.

ತಿಂಗಳ ಕೊನೆಗೆ ಮೀಟರ್ 142 ಯೂನಿಟ್ ತೋರಿಸಿತು. ಮಾಮೂಲಿಗಿಂತ 82 ಹೆಚ್ಚು. 200 ದಾಟದಿದ್ದರೆ ಎಲ್ಲವೂ ಉಚಿತ ಎಂದುಕೊಂಡವರು ಬಹಳ ಜನ, ನಾನೂ ಅವರಲ್ಲೊಬ್ಬ. ಉಚಿತವಾಗುವುದು 2022-23ರಲ್ಲಿ ನಾವು ಬಳಸಿದ ತಿಂಗಳ ಸರಾಸರಿ, ಅದರ ಮೇಲೆ ಶೇಕಡಾ 10, ಅಷ್ಟೇ. ನಮ್ಮ ಸರಾಸರಿ 61, ಹಾಗಾಗಿ ಮಿತಿ 67. ಅದನ್ನು ಮೀರಿದ್ದಕ್ಕೆ ಹಣ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಆ ವರ್ಷ ಕೋಣೆಯಿಂದ ಕೋಣೆಗೆ ಓಡಾಡಿ ಫ್ಯಾನ್ ಆರಿಸಿದವರಿಗೆ ಇಂದು ಮಿತಿ ಕಡಿಮೆ, ಗೀಸರ್ ಉರಿಸಿ ಮರೆತವರಿಗೆ ಹೆಚ್ಚು. ಮಿತವ್ಯಯಕ್ಕೆ ಸಿಕ್ಕ ಬಹುಮಾನ ಇದು.

ಹೀಗೆ 75 ಯೂನಿಟ್‌ಗೆ ತೆರಿಗೆ, ಇತರ ಶುಲ್ಕ ಸೇರಿ ಸುಮಾರು 500 ರೂಪಾಯಿ. ರೊಟ್ಟಿಗೆ ಸುಟ್ಟ ಗ್ಯಾಸಿನದು ಎಂಬತ್ತು ಎಂದಿಟ್ಟುಕೊಂಡರೂ 580. ಉಳಿದದ್ದು 120. ಒಲೆಗೆ 2,400, ತಳ ಚಪ್ಪಟೆಯಿರುವ ಪಾತ್ರೆಗಳಿಗೆ 1,900 ಹೋಗಿತ್ತು. ಅಸಲು ಹುಟ್ಟಲು ಮೂರು ವರ್ಷ! ಹಳೆಯ ಸಾಕೆಟ್ಟಿನಲ್ಲಿ ಪ್ಲಗ್ ಬಿಸಿಯಾಗಿ ಕರಗತೊಡಗಿ, 15 ಆಂಪಿಯರಿನದು ಹಾಕಿಸಿದ ಖರ್ಚನ್ನು ಇದರಲ್ಲಿ ಸೇರಿಸಿಲ್ಲ. ಹೆಂಡತಿ ಸೇರಿಸಿದ್ದಾಳೆ.

ಹೊಟ್ಟೆಯುರಿಯಿಂದಲೇ ಮತ್ತೆ ಗ್ಯಾಸಿಗೆ ಮರಳಿದ್ದು. ಈ ಸಲ ಒಂದಿಷ್ಟು ಶಿಸ್ತು ಹಾಕಿಕೊಂಡೆವು. ಹುರುಳಿ, ಕಡಲೆ, ಒಣ ಅವರೆ ರಾತ್ರಿಯೇ ನೆನೆಯಬೇಕು, ಅಕ್ಕಿಯೂ ಇಪ್ಪತ್ತು ನಿಮಿಷ. ಬೇಳೆ, ಅಕ್ಕಿ, ತರಕಾರಿ ಮೂರೂ ಒಂದೇ ಕುಕ್ಕರಿನ ಮೂರು ಡಬ್ಬಿಗಳಲ್ಲಿ. ಮೊದಲ ಕೂಗಿಗೆ ಉರಿ ಸಣ್ಣದು, ಆಮೇಲೆ ಆರಿಸಿ ಹಬೆ ತಾನಾಗಿ ಇಳಿಯುವವರೆಗೆ ಮುಟ್ಟುವಂತಿಲ್ಲ. ಸಾರಿಗೆ ಮುಚ್ಚಳ ಕಡ್ಡಾಯ. ಬರ್ನರಿನ ತೂತುಗಳನ್ನು ಸೂಜಿಯಿಂದ ಬಿಡಿಸಿದಾಗ ಹಳದಿಯಾಗಿದ್ದ ಉರಿ ನೀಲಿಗೆ ತಿರುಗಿತು.

ಅದೇ ಸಿಲಿಂಡರ್ 47 ದಿನ ಬಂತು. ತಿಂಗಳಿಗೆ 570 ರೂಪಾಯಿಯೂ ಇಲ್ಲ, ಖರ್ಚು ಒಂದು ಸೂಜಿ.

ಇದೇ ಶಿಸ್ತನ್ನು ಇಂಡಕ್ಷನ್‌ಗೂ ಹಾಕಬಹುದಿತ್ತಲ್ಲ ಎಂದು ಯಾರಾದರೂ ಕೇಳಿಯಾರು. ನಮ್ಮ ಡಬ್ಬಿ ಕುಕ್ಕರ್ ಅಲ್ಯೂಮಿನಿಯಮ್ಮಿನದು, ತಳಕ್ಕೆ ಅಯಸ್ಕಾಂತ ಅಂಟುವುದಿಲ್ಲ, ಆ ಒಲೆಗೆ ಅದು ಇದ್ದೂ ಇಲ್ಲದಂತೆ. ಹೊಸದಾಗಿ ಕೊಂಡ ಮೂರು ಲೀಟರಿನದರಲ್ಲಿ ಡಬ್ಬಿಗಳು ಹಿಡಿಸುವುದಿಲ್ಲ. ದೊಡ್ಡದನ್ನು ಕೊಳ್ಳಬಹುದು, ಇನ್ನೊಂದು ವರ್ಷದ ಉಳಿತಾಯ ಅದಕ್ಕೇ ಹೋಗುತ್ತದೆ. ನಿಮ್ಮ ಮಿತಿ ನೂರೈವತ್ತರ ಮೇಲಿದ್ದು, ಬಳಕೆ ಅದಕ್ಕಿಂತ ಬಹಳ ಕಡಿಮೆಯಿದ್ದರೆ ನನ್ನ ತೀರ್ಮಾನ ತಿರುಗುಮುರುಗಾಗುತ್ತದೆ. ಹಾಗಿದ್ದರೆ ಕಣ್ಣುಮುಚ್ಚಿ ಇಂಡಕ್ಷನ್ ಹಿಡಿಯಿರಿ.

ಹಿತ್ತಲಿನಲ್ಲಿ ತೆಂಗಿನ ಗರಿ, ಕರಟದ ಒಲೆಯನ್ನೂ ಎರಡು ದಿನ ನೋಡಿದೆವು. ಹೊಗೆಗೆ ಪಕ್ಕದ ಮನೆಯವರು ಕಿಟಕಿ ಮುಚ್ಚಿದ ಸದ್ದು ಕೇಳಿದ ಮೇಲೆ ಕೈಬಿಟ್ಟೆವು.

ಈಗ ಎರಡೂ ನಡೆಯುತ್ತಿವೆ. ಮಿತಿಯೊಳಗೆ ಮಿಗುವ ಏಳು ಯೂನಿಟ್ ಬೆಳಗಿನ ಹಾಲಿಗೂ ಎರಡು ಹೊತ್ತಿನ ಕಾಫಿ ನೀರಿಗೂ ಸರಿಹೋಗುತ್ತದೆ, ಅಷ್ಟಕ್ಕೆ ಮಾತ್ರ ಇಂಡಕ್ಷನ್. ಸಿಲಿಂಡರ್ 51 ದಿನಕ್ಕೆ ಏರಿದೆ. ತಿಂಗಳ ಇಪ್ಪತ್ತೈದರ ಮೇಲೆ ಮಗ ಮೀಟರ್ ನೋಡಿ ಬಂದು ವರದಿ ಒಪ್ಪಿಸುತ್ತಾನೆ. 65 ಎಂದರೆ ಆ ಸಂಜೆಯ ಕಾಫಿ ಗ್ಯಾಸಿನ ಮೇಲೆ.